ಒಂಬತ್ತನೆಯ ಅಚ್ಚು

"ಇಲ್ಲದ ಕೈಗೆ ಅಚ್ಚು ತೆಗೆಯೋದು ಹೇಗೆ, ಅಜ್ಜ?"

ಪ್ರಶ್ನೆ ಮೆಲ್ಲಗೇ ಬಂದಿತ್ತು. ಆದರೂ ಅಚ್ಚಿನಜ್ಜನ ಕೈಯ ಬೋಗುಣಿ ವಾಲಿ, ಕಲಸಿದ ಪ್ಲಾಸ್ಟರು ಅವನ ಏಪ್ರನ್ನಿನ ಮೇಲೆ ಚೆಲ್ಲಿತು.

ಅವನು ಒರೆಸಿಕೊಳ್ಳಲಿಲ್ಲ. "ಇರೋ ಕೈಯದು ತೆಗೀತೀವಮ್ಮ. ಬಲಗೈ ಹೋಗಿದ್ರೆ ಎಡಗೈ ಅಚ್ಚು ತೆಗೆದು, ಕನ್ನಡೀಲಿ ನೋಡಿದ ಹಾಗೆ ತಿರುಗಿಸಿ ಬಲಗೈ ಮಾಡ್ತೀವಿ. ಎಲ್ಲಾ ಕಡೆ ಹಾಗೇ ಮಾಡೋದು."

"ಎಲ್ಲಾ ಕಡೆ ಹಾಗೆ. ಇಲ್ಲಿ?"

ಅಜ್ಜ ಬೋಗುಣಿಯ ಪ್ಲಾಸ್ಟರನ್ನು ಮತ್ತೆ ಕಲಸತೊಡಗಿದ.

ಸ್ಟೀಲಿನ ತಟ್ಟೆ ಒತ್ತುವ ಪ್ರೆಸ್ ಕಾರ್ಖಾನೆಯ ಚಾವಣಿಯಿಂದ ಫಿಟ್ಟರ್ ಬಿದ್ದು ಸತ್ತು ಅಂದಿಗೆ ಹನ್ನೊಂದು ದಿನ. ಅವನು ಕಾಲು ಜಾರಿ ಬಿದ್ದವನಲ್ಲ ಎಂದು ಅವನ ಅಕ್ಕ ಹಟ ಹಿಡಿದು ಬೇಡಿಕೊಂಡದ್ದರಿಂದ ಸರ್ವೇಯರಮ್ಮ ಈ ತನಿಖೆಗೆ ಇಳಿದಿದ್ದಳು. ವಿಮೆ ಕಂಪನಿಯ ಸರ್ವೇಯರ್ ಆಗಿ ಇಪ್ಪತ್ತೆರಡು ವರ್ಷ ಸುಟ್ಟ ಅಂಗಡಿ, ಮುರಿದ ಲಾರಿ, ಸತ್ತ ದನಗಳ ನಡುವೆ ನಿಂತು ಯಾರು ಸುಳ್ಳು ಹೇಳುತ್ತಿದ್ದಾರೆಂದು ಹುಡುಕಿದವಳು. ಕೆಲಸ ಬಿಟ್ಟರೂ ಆ ಹೆಸರು ಅವಳನ್ನು ಬಿಟ್ಟಿರಲಿಲ್ಲ.

ಕೋಣೆಯ ಉದ್ದಕ್ಕೂ ಒಂದು ಮರದ ಹಲಗೆ. ಅದರ ಮೇಲೆ ಎಂಟು ಬಿಳಿಯ ಕೈಗಳು ಮಣಿಕಟ್ಟಿನ ಮೇಲೆ ನೆಟ್ಟಗೆ ನಿಂತಿದ್ದವು. ಹಲಗೆಯ ಕೆಳಗೆ ಎಂಟು ಜನ ಕೂತು ಏನೋ ಕೇಳಲು ಕೈ ಎತ್ತಿದ ಹಾಗೆ. ಪ್ರತಿಯೊಂದರ ಮುಂದೆ ಒಂದು ಅಚ್ಚಾದ ಚೀಟಿ. ಚೀಟಿಯಲ್ಲಿ ಸಂಖ್ಯೆ, ತಾರೀಖು, ಕಂಪನಿಯ ಮುದ್ರೆ. ಮುದ್ರೆಯ ಕೆಳಗೆ ಊರಿನ ಬಸ್ ನಿಲ್ದಾಣಗಳಲ್ಲೆಲ್ಲ ಕಾಣುವ, ಕಂಪನಿಯ ಕೃತಕ ಕೈಯ ಜಾಹೀರಾತಿನ ಸಾಲು: 'ಮರುಗೈ. ನಿಮ್ಮದೇ ಕೈ, ಮತ್ತೊಮ್ಮೆ.'

ಸರ್ವೇಯರಮ್ಮ ಕೊನೆಯದನ್ನು ಎತ್ತಿಕೊಂಡಳು.

"ಇದು ಎಂಟನೇದು. ಫಿಟ್ಟರನ ಹೆಂಡತಿಯ ಬಲಗೈ. ನಿನ್ನೆ ಆಕೆಯ ಎಡಗೈ ನೋಡಿದೆ. ಕಿರುಬೆರಳು ಪೆನ್ಸಿಲ್ ಹಾಗೆ ನೆಟ್ಟಗಿದೆ. ಇದರಲ್ಲಿ ನೋಡಿ, ಕೊಕ್ಕೆ ಹಾಗೆ ಬಗ್ಗಿದೆ. ಕನ್ನಡಿ ಬಗ್ಗಿಸಿತಾ ಅಜ್ಜ ಇದನ್ನ?"

ಅಜ್ಜ ಬೋಗುಣಿಯನ್ನು ಮೇಜಿನ ಮೇಲಿಟ್ಟ. ಇಡುವಾಗ ಸದ್ದಾಗದಂತೆ ಇಟ್ಟ.

ಅವಳು ಅಚ್ಚನ್ನು ತಲೆಕೆಳಗು ಮಾಡಿದಳು. ಬುಡದಲ್ಲಿ ಪ್ಲಾಸ್ಟರು ಹಸಿಯಿದ್ದಾಗ ಮೊಳೆಯಿಂದ ಗೀಚಿದ ಅಂಕಿಗಳು. ಬಟ್ಟೆ ಅಂಗಡಿಗಳ ಗೊಂಬೆ ಮಾಡಿ ಬದುಕಿದ್ದ ಮುದುಕ. ಯಾವುದು ಎಷ್ಟು ಒಣಗಿದೆ ಎಂದು ತಿಳಿಯಲು ತೆಗೆದ ದಿನವನ್ನು ಬುಡದಲ್ಲಿ ಗೀಚುವುದು ಅವನ ಹಳೆಯ ರೂಢಿ. ಮುಂಭಾಗದ ಚೀಟಿ ಕಂಪನಿಯವರು ಅಂಟಿಸಿದ್ದು. ಬುಡವನ್ನು ಯಾರೂ ನೋಡಿರಲಿಲ್ಲ.

ಗೀಚಿದ್ದು ನಾಲ್ಕನೇ ತಾರೀಖು. ಸರ್ವೇಯರಮ್ಮ ತನ್ನ ನೋಟುಪುಸ್ತಕ ತೆಗೆದು, ಆಸ್ಪತ್ರೆಯಲ್ಲಿ ಬರೆದುಕೊಂಡ ದಿನಗಳ ಮೇಲೆ ಬೆರಳಾಡಿಸಿದಳು. ಫಿಟ್ಟರನ ಹೆಂಡತಿಯ ಕೈ ಪ್ರೆಸ್ಸಿಗೆ ಸಿಕ್ಕಿದ್ದು ಅದೇ ತಿಂಗಳ ಹತ್ತೊಂಬತ್ತರಂದು.

ಒಂದೊಂದೇ ಅಚ್ಚನ್ನು ತಿರುಗಿಸುತ್ತ ಹೋದಳು. ಒಂದು ಕೈ, ಅಪಘಾತಕ್ಕೆ ಒಂಬತ್ತು ದಿನ ಮುಂಚೆ. ಇನ್ನೊಂದು ಇಪ್ಪತ್ತು ದಿನ ಮುಂಚೆ. ಮತ್ತೊಂದು ಹನ್ನೆರಡು. ಎಂಟರಲ್ಲಿ ಒಂದೂ ಆಮೇಲಿನದಲ್ಲ.

"ಕೈಗವಸು ಹೊಲಿಸೋಕೆ ಅಳತೆ ಅಂತ ಹೇಳಿದ್ರಮ್ಮ," ಎಂದ ಅಜ್ಜ, ನೆಲ ನೋಡುತ್ತ. "ಮೊದಲ ಮೂರು ಸಲ ನಂಬಿದೆ."

"ಆಮೇಲೆ?"

"ಆಮೇಲೆ ಕೇಳೋದು ಬಿಟ್ಟೆ. ನನ್ನ ಮೊಮ್ಮಗಳು ಈ ಕಂಪನಿಯವರ ಶಾಲೇಲೇ ಓದ್ತಾಳೆ. ಚೆನ್ನಾಗಿ ಓದ್ತಾಳೆ."

ಹಲಗೆಯ ತುದಿಯಲ್ಲಿ ಒದ್ದೆ ಬಟ್ಟೆ ಮುಚ್ಚಿದ ಇನ್ನೊಂದು ಆಕಾರವಿತ್ತು. ಅವಳು ಬಟ್ಟೆ ಸರಿಸುವಾಗ ಅಜ್ಜ ತಡೆಯಲಿಲ್ಲ. ಒಂಬತ್ತನೆಯ ಕೈ. ಮುಟ್ಟಿದರೆ ಬೆರಳಿಗೆ ತೇವ ಅಂಟಿತು. ಬುಡದಲ್ಲಿ ನಿನ್ನೆಯ ತಾರೀಖು.

"ಯಾರದು ಇದು?"

"ಗೊತ್ತಿಲ್ಲಮ್ಮ. ಪರದೆ ಆಚೆಯಿಂದ ಕೈ ಮಾತ್ರ ಚಾಚ್ತಾರೆ. ಮುಖ ತೋರಿಸಲ್ಲ, ನಾನೂ ಕೇಳಲ್ಲ. ಹೆಂಗಸಿನ ಬಲಗೈ, ಅಷ್ಟೇ." ಅವನು ಹಲಗೆಯ ಸಾಲಿನ ಕಡೆ ಕೈ ತೋರಿದ. "ಆ ಎಂಟೂ ಕೈ ನಡುಗಿದ್ವು. ಇಪ್ಪತ್ತು ನಿಮಿಷ ಅಲ್ಲಾಡದೆ ಇರಿಸೋದೇ ಕಷ್ಟ ಆಗಿತ್ತು. ಇದು ನಡುಗಲಿಲ್ಲ."

ಈ ಕಾಂಪೌಂಡಿನೊಳಗೆ ಎಲ್ಲೋ ಒಬ್ಬ ಹೆಂಗಸು ಈಗ ಎರಡೂ ಕೈಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಇನ್ನೆಷ್ಟು ದಿನವೋ. ಸರ್ವೇಯರಮ್ಮ ಅಚ್ಚಿಗೆ ಮತ್ತೆ ಬಟ್ಟೆ ಹೊದಿಸಿ ಮೆಟ್ಟಿಲ ಕಡೆ ನಡೆದಳು.

*

ಕಂಪನಿಯ 'ಸಮಾಜ ಹೊಣೆ ವಿಭಾಗ'ದ ಮುಖ್ಯಸ್ಥರನ್ನು ಕಾರ್ಖಾನೆಯಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಹಿಂದೆ ಕಾಲೇಜಿನಲ್ಲಿ ನೀತಿಶಾಸ್ತ್ರ ಹೇಳುತ್ತಿದ್ದವರು. ಈಗಲೂ ದನಿ ಎತ್ತಿದವರಲ್ಲ. ಅವರ ಕೋಣೆಯ ಒಂದು ಗೋಡೆ ಪೂರ್ತಿ ಗಾಜು. ಕೆಳಗೆ ಪ್ರೆಸ್ ವಿಭಾಗದ ಯಂತ್ರಗಳ ಸಾಲು ಕಾಣುತ್ತಿತ್ತು. ಒಂದೊಂದು ಪ್ರೆಸ್ ಇಳಿದಾಗಲೂ ಸ್ಟೀಲಿನ ಹಾಳೆ ಒಂದು ತಟ್ಟೆಯಾಗಿ ಹೊರಬೀಳುತ್ತಿತ್ತು, ಮೇಷ್ಟ್ರ ಮೇಜಿನ ಮೇಲಿನ ಚಹಾದಲ್ಲಿ ಒಂದು ಉಂಗುರ ಏಳುತ್ತಿತ್ತು.

ಗೋಡೆಯ ಮೇಲೆ ಪ್ರಶಸ್ತಿ ಪತ್ರಗಳು. ಅವುಗಳ ನಡುವೆ ಚೌಕಟ್ಟು ಹಾಕಿದ ಹಳೆಯ ದಿನಪತ್ರಿಕೆಯ ಪುಟ. ಶೀರ್ಷಿಕೆ: 'ಕೈ ತಿನ್ನುವ ಕಾರ್ಖಾನೆ.'

"ಅಚ್ಚಿನ ಕೋಣೆ ನೋಡಿದ್ರಾ?" ಎಂದರು ಮೇಷ್ಟ್ರು. "ಎಲ್ಲಾ ಕಡೆ ಓಡಾಡಿ ಅಂತ ನಾನೇ ಪಾಸ್ ಕೊಟ್ಟಿದ್ದು. ನಮ್ಮಲ್ಲಿ ಮುಚ್ಚಿಡೋದು ಏನೂ ಇಲ್ಲ. ಕೂತ್ಕೊಳ್ಳಿ."

ಅವಳು ಕೂರಲಿಲ್ಲ. "ಎಂಟು ಅಚ್ಚು. ಎಂಟನ್ನೂ ತೆಗೆದಿರೋದು ಕೈ ಹೋಗೋ ಮುಂಚೆ."

"ಕೈಗವಸಿನ ಅಳತೆ."

"ಪ್ರೆಸ್ ಮುಂದೆ ಕೂರೋರು ಮುನ್ನೂರ ನಲವತ್ತು ಜನ. ಎಂಟು ಜನಕ್ಕೆ ಮಾತ್ರ ಗವಸಾ?"

"ಪ್ರಾಯೋಗಿಕವಾಗಿ ಶುರು ಮಾಡಿದ್ವಿ."

"ಗವಸು ಹಾಕ್ಕೊಂಡು ಪ್ರೆಸ್ ಮುಟ್ಟಬಾರದು ಅಂತ ಕೆಳಗೆ ನಿಮ್ಮ ಗೋಡೆ ಮೇಲೇ ಬರೆದಿದೆ. ಕೆಂಪಕ್ಷರದಲ್ಲಿ. ಬಟ್ಟೆ ಸಿಕ್ಕಿದ್ರೆ ಕೈ ಪೂರ್ತಿ ಎಳೆಯುತ್ತೆ ಅಂತ."

ಮೇಷ್ಟ್ರು ಎದ್ದು ಹೋಗಿ ಬಾಗಿಲು ಮುಚ್ಚಿದರು. ಸಿಕ್ಕಿಬಿದ್ದವರ ಮುಖವಲ್ಲ ಅದು. ಹಿಂದಿನ ಬೆಂಚಿನ ವಿದ್ಯಾರ್ಥಿ ಸರಿಯುತ್ತರ ಹೇಳಿದಾಗ ಮೇಷ್ಟರಿಗೆ ಆಗುವ ಸಂತೋಷ ಅದರಲ್ಲಿತ್ತು.

"ಹತ್ತು ವರ್ಷದ ಹಿಂದೆ ಒಂದೇ ವರ್ಷದಲ್ಲಿ ಇಲ್ಲಿ ಆರು ಜನರ ಕೈ ಹೋಯ್ತು," ಎಂದರು. "ಅವು ನಿಜವಾದ ಅಪಘಾತ. ಹಳೇ ಯಂತ್ರ, ಗಾರ್ಡ್ ಇರಲಿಲ್ಲ. ಗೇಟ್ ಮುಂದೆ ಜನ ಕೂತ್ರು. ಪತ್ರಿಕೆಯವರು ಬರೆದ್ರು. ಹೊರದೇಶದಲ್ಲಿ ನಮ್ಮ ತಟ್ಟೆ ಕೊಳ್ಳೋರು ಕಾಗದ ಹಾಕಿದ್ರು, ಕೆಲಸಗಾರರನ್ನ ಸರಿಯಾಗಿ ನೋಡಿಕೊಳ್ಳಿ, ಇಲ್ಲಾಂದ್ರೆ ನಿಮ್ಮ ಸಹವಾಸ ಬೇಡ ಅಂತ. ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತಿದ್ರು. ಆಗ ನನ್ನನ್ನ ಕರೆಸಿದ್ದು."

"ನೀವು ಬಂದು ಗಾರ್ಡ್ ಹಾಕಿಸಿದ್ರಿ."

"ಎಲ್ಲಾ ಯಂತ್ರಕ್ಕೂ. ಜಾಲರಿ ಬಾಗಿಲು ಇಳಿದು ಮುಚ್ಚಿಕೊಳ್ಳದೆ ಪ್ರೆಸ್ ಕೆಳಗೆ ಬರೋದೇ ಇಲ್ಲ. ರಿಪೇರಿಗೆ ಬೇಕಾದಾಗ ಜಾಲರಿ ಎತ್ತಿದ್ರೂ ಪ್ರೆಸ್ ಇಳಿಯೋ ಹಾಗೆ ಮಾಡೋಕೆ ಒಂದೇ ಒಂದು ಕೀಲಿ. ಅದು ಫಿಟ್ಟರ್ ಹತ್ರ ಇರುತ್ತೆ." ಅವರು ಚಹಾ ಗುಟುಕರಿಸಿದರು. "ಆದ್ರೆ ನಾನು ಯಜಮಾನರಿಗೆ ಹೇಳಿದ್ದು ಬೇರೆ. ಸಾರ್, ಒತ್ತಡ ಅಂದ್ರೆ ಯಾಕೆ ಹೆದರ್ತೀರಿ, ಒತ್ತಡದಿಂದಲೇ ಅಲ್ವಾ ನಿಮ್ಮ ತಟ್ಟೆ ಆಗೋದು ಅಂದೆ. ನಕ್ಕುಬಿಟ್ರು."

ಸರ್ವೇಯರಮ್ಮ ನಗಲಿಲ್ಲ.

"ಕೈ ಕಳಕೊಂಡವರಿಗೆ ಕೈ ಕೊಡೋಣ ಅಂದೆ. ಮೊದಲು ಮಾಡಿದ್ದು ಬರೀ ಗೊಂಬೆ ಕೈ. ಆ ಆರು ಜನ ಅದನ್ನ ಹಾಕ್ಕೊಂಡು ಒಂದು ಫೋಟೋ ತೆಗೆಸಿಕೊಂಡು ಬಿಚ್ಚಿಟ್ಟು ಊರಿಗೆ ಹೋದ್ರು. ಆದ್ರೂ ಆ ಫೋಟೋ ಬಂದದ್ದೇ ತಡ, ಬೈತಿದ್ದವರೆಲ್ಲ ಹೊಗಳೋಕೆ ಶುರು ಮಾಡಿದ್ರು. ಕಾಗದ ಹಾಕಿದ್ದವರೇ ಎರಡರಷ್ಟು ತಟ್ಟೆ ಕೊಂಡ್ರು. ಆಮೇಲೆ ಆಸ್ಪತ್ರೆಗಳು ಕೇಳಿದ್ವು, ನಮಗೂ ಕೈ ಮಾಡಿಕೊಡ್ತೀರಾ ಅಂತ. ಪುಕ್ಕಟೆ ಕೊಡೋದನ್ನ ಮಾರಬಹುದು ಅಂತ ಯಜಮಾನರಿಗೆ ಅವತ್ತೇ ಹೊಳೆದದ್ದು. ಈಗ ಹದಿನಾಲ್ಕು ದೇಶಕ್ಕೆ ನಮ್ಮ ಮರುಗೈ ಹೋಗುತ್ತೆ. ಕೆಳಗೆ ನಡೀತಿರೋ ತಟ್ಟೆ ಕೆಲಸ ಈಗ ನೆಪಕ್ಕೆ."

"ನೆಪ ಯಾಕೆ ಬೇಕು?"

"ಒಳ್ಳೇ ಪ್ರಶ್ನೆ." ಅವರು ಬಲಗೈಯನ್ನು ಮೇಜಿನ ಮೇಲೆ ಚಾಚಿ, ಬೆರಳುಗಳನ್ನು ನಿಧಾನವಾಗಿ ಮಡಿಸಿ ಬಿಚ್ಚಿದರು. "ಕೈ ಹೋದವರು ಎಲ್ಲಾ ಕಡೆ ಸಿಗ್ತಾರೆ. ಆದ್ರೆ ಹೋದ ಕೈ ಮುಂಚೆ ಹೇಗೆ ಹಿಡೀತಿತ್ತು, ಎಷ್ಟು ಬಿಗಿಯಾಗಿ, ಯಾವ ಬೆರಳು ಮೊದಲು ಮಡಿಸ್ತಿತ್ತು, ಅದು ಯಾರಿಗೂ ಗೊತ್ತಿರಲ್ಲ. ಅಂದಾಜಿನ ಮೇಲೆ ಮಾಡ್ತಾರೆ. ಕೈ ಇದ್ದಾಗ್ಲೂ ಅಳೆದು, ಹೋದ ತಕ್ಷಣವೂ ಅಳೆದು, ಅದೇ ಕೈ ತಿರುಗಿ ಮಾಡಿದವರು ನಾವೊಬ್ಬರೇ. ನಮ್ಮ ಕೈ ಬಟನ್ ಹಾಕುತ್ತೆ ಮೇಡಂ. ಸೂಜಿಗೆ ದಾರ ಪೋಣಿಸುತ್ತೆ."

"ಅಳೀಬೇಕು ಅಂತ ಕೈ ತೆಗೆದ್ರಿ."

"ನಾವು ತೆಗೀಲಿಲ್ಲ. ಅವರು ಕೊಟ್ರು."

ಮೇಷ್ಟ್ರು ಡ್ರಾಯರಿನಿಂದ ಒಂದು ಹಸಿರು ಫೈಲು ತೆಗೆದು ಅವಳ ಮುಂದೆ ಬಿಚ್ಚಿದರು. ಕೈಬರಹದ ಅರ್ಜಿಗಳು. ಎಲ್ಲದರ ವಿಷಯವೂ ಒಂದೇ: 'ಪ್ರೆಸ್ ವಿಭಾಗಕ್ಕೆ ವರ್ಗಾವಣೆ ಕೋರಿ.' ಸಹಿ ಇದ್ದವು, ಹೆಬ್ಬೆಟ್ಟೂ ಇದ್ದವು.

"ನಲವತ್ಮೂರು ಇದೆ. ಕೈ ಹೋದವರಿಗೆ ಸಾಯೋವರೆಗೂ ಮರುಗೈ ವಿಭಾಗದಲ್ಲಿ ಕೂತು ಮಾಡೋ ಕೆಲಸ, ವಾಸಕ್ಕೆ ಮನೆ, ಮಕ್ಕಳ ಓದು ಪೂರ್ತಿ. ಇದು ನಾವೇ ಮಾಡಿದ ನಿಯಮ, ಇಡೀ ದೇಶ ಹೊಗಳಿದ ನಿಯಮ. ನಿಯಮ ಬಂದ ಮೇಲೆ ಜನ ಅವರಾಗೇ ಬಂದ್ರು. ನಾನು ಒಬ್ಬರನ್ನೂ ಕರೀಲಿಲ್ಲ."

ಸರ್ವೇಯರಮ್ಮ ಒಂದು ಹಾಳೆ ಎತ್ತಿಕೊಂಡಳು. ಗುಂಡಗಿನ ಅಕ್ಷರ, ಶಾಲೆಗೆ ಹೋಗುವ ಯಾರಿಂದಲೋ ಬರೆಸಿದ್ದು. 'ಬಲಗೈಯೇ ಆಗಬೇಕೆಂದಿಲ್ಲ. ತಮಗೆ ಅನುಕೂಲವಾದರೆ ಎಡಗೈಯಾದರೂ ಸರಿ. ದಯವಿಟ್ಟು ಈ ವರ್ಷವೇ ಆಗುವಂತೆ ಮಾಡಬೇಕು.'

ಅವಳು ಅದನ್ನು ಎರಡನೇ ಸಲ ಓದಲಿಲ್ಲ.

"ಒಬ್ಬ ಎರಡೂ ಕೈ ಕೊಡ್ತೀನಿ ಅಂತ ಬಂದಿದ್ದ," ಎಂದರು ಮೇಷ್ಟ್ರು. "ಬೈದು ಕಳಿಸಿದೆ. ನಾವು ಅಷ್ಟು ಕಟುಕರಲ್ಲ."

"ಕೀಲಿ ತಿರುಗಿಸಿದ್ದು ಫಿಟ್ಟರ್."

"ಎಂಟು ಸಲ. ಒಳ್ಳೇ ಕೆಲಸಗಾರ. ಎಲ್ಲಿ ಬೀಳಬೇಕೋ ಅಲ್ಲೇ ಬೀಳೋ ಹಾಗೆ ಪ್ರೆಸ್ಸಿನ ಅಚ್ಚು ಕೂರಿಸ್ತಿದ್ದ, ಮಣಿಕಟ್ಟಿನಿಂದ ಒಂದಿಂಚು ಮೇಲೆ ಕೆಳಗೆ ಆಗ್ತಿರಲಿಲ್ಲ. ಒಂಬತ್ತನೇದಕ್ಕೆ ಬಂದಾಗ ಆಗಲ್ಲ ಅಂದ. ಯಾಕೆ ಅಂತ ಕೇಳಿದೆ, ಹೇಳಲಿಲ್ಲ."

"ಅದಕ್ಕೆ ಸತ್ತ."

"ಅವನು ಬಿದ್ದ ಗಳಿಗೆಯಲ್ಲಿ ನಾನು ಇನ್ನೂರು ಮಕ್ಕಳ ಮುಂದೆ ಪ್ರಾಮಾಣಿಕತೆ ಬಗ್ಗೆ ಭಾಷಣ ಮಾಡ್ತಿದ್ದೆ. ವಿಡಿಯೋ ಇದೆ, ಬೇಕಾದ್ರೆ ಕಳಿಸ್ತೀನಿ. ಫಿಟ್ಟರ್ ಒಲ್ಲೆ ಅಂದ್ರೆ ಇನ್ನೊಬ್ಬ ಫಿಟ್ಟರ್ ಬರ್ತಾನೆ. ಬಂದೂ ಆಯ್ತು. ಅಷ್ಟಕ್ಕೆಲ್ಲ ನಾನ್ಯಾಕೆ ಕೊಲೆ ಮಾಡಲಿ?"

ಅದು ನಿಜವಿರಬಹುದು ಎಂದು ಅವಳಿಗೆ ಅನಿಸಿತು. ಅದೇ ಹೆಚ್ಚು ಹೇಸಿಗೆಯ ವಿಷಯವೂ ಆಗಿತ್ತು. ಎದುರಿಗಿದ್ದ ಮನುಷ್ಯನಿಗೆ ಕೊಲೆ ಮಾಡುವ ಅಗತ್ಯವೇ ಇರಲಿಲ್ಲ.

"ಇಷ್ಟೆಲ್ಲ ನನಗೆ ಹೇಳಿಬಿಟ್ರಿ," ಎಂದಳು. "ಹೊರಗೆ ಹೋಗಿ ನಾನು ಸುಮ್ಮನಿರ್ತೀನಿ ಅನ್ಕೊಂಡ್ರಾ?"

"ಏನು ತೋರಿಸ್ತೀರಿ? ವರ್ಗಾವಣೆ ಅರ್ಜಿ ತೋರಿಸ್ತೀರಾ? ಆ ಎಂಟು ಜನರನ್ನ ಕೇಳಿ, ಅಪಘಾತ ಅಂತಾರೆ. ಮನೆ ಹೋಗುತ್ತಲ್ಲ." ಅವರು ಫೈಲು ಮುಚ್ಚಿ, ದಾರ ಸುತ್ತಿ ಗಂಟು ಹಾಕಿದರು. "ಅದೂ ಅಲ್ಲದೆ, ನಿಮ್ಮ ತನಿಖೆಯನ್ನ ನಾವು ಸ್ವಾಗತಿಸ್ತೀವಿ. ಹೊರಗಿನವರೊಬ್ಬರು ಬಂದು ಮೂಲೆ ಮೂಲೆ ನೋಡಿ ಹೋದ್ರು ಅಂತ ನಮ್ಮ ವಾರ್ಷಿಕ ವರದೀಲಿ ಒಂದು ಪುಟ ಇಟ್ಟಿದ್ದೀನಿ. ನಿಮ್ಮ ಫೋಟೋ ಒಂದು ಬೇಕಾಗಿತ್ತು."

"ಒಂಬತ್ತನೇ ಕೈ ಯಾರದು?"

"ಅರ್ಜಿದಾರರ ಹೆಸರು ಹೊರಗೆ ಹೇಳೋ ಹಾಗಿಲ್ಲ ಮೇಡಂ," ಎಂದರು ಮೇಷ್ಟ್ರು. "ಅದು ನಮ್ಮ ಜವಾಬ್ದಾರಿ."

*

ಕೆಳಗಿನ ಮಹಡಿಯ ಕೊನೆಯಲ್ಲಿ ಫೋಟೋ ತೆಗೆಯುವ ಕೋಣೆ. ಬಿಳಿಯ ಪರದೆಯ ಮುಂದೆ, ಬಿಳಿಯ ಸ್ಟೂಲಿನ ಮೇಲೆ ಫಿಟ್ಟರನ ಹೆಂಡತಿ ಒಬ್ಬಳೇ ಕೂತಿದ್ದಳು. ಬಸ್ ನಿಲ್ದಾಣಗಳಿಂದ ನಗುತ್ತಿದ್ದ ಮುಖ ಇವಳದೇ. ಕಾರ್ಖಾನೆಯವರು ಇಟ್ಟ ಹೆಸರು ಪೋಸ್ಟರಮ್ಮ. ಗಂಡ ಸತ್ತ ಹನ್ನೊಂದನೆಯ ದಿನವೂ ತುಟಿಗೆ ಬಣ್ಣ ಹಚ್ಚಿಸಿದ್ದರು. ಛಾಯಾಗ್ರಾಹಕ ಲೆನ್ಸ್ ಬದಲಿಸಲು ಹೊರಗೆ ಹೋಗಿದ್ದ. ಅವಳ ಬಲಗೈ, ಅಂದರೆ ಮರುಗೈ, ಒಂದು ಕೋಳಿಮೊಟ್ಟೆಯನ್ನು ಹಿಡಿದಿತ್ತು.

"ಬೆಳಗಿನಿಂದ ಇದನ್ನೇ ಹಿಡ್ಕೊಂಡಿದ್ದೀನಿ," ಎಂದಳು. "ಒಡೆಯಲ್ಲ ಅಂತ ಜನಕ್ಕೆ ತೋರಿಸಬೇಕಂತೆ. ಬನ್ನಿ ಮೇಡಂ."

"ನಿಮ್ಮ ಅರ್ಜಿ ನೋಡಿದೆ," ಎಂದಳು ಸರ್ವೇಯರಮ್ಮ. ನೋಡಿರಲಿಲ್ಲ. ಆದರೆ ವಿಮೆಯ ಕೆಲಸದಲ್ಲಿ ಅವಳು ಕಲಿತ ಮೊದಲ ಸುಳ್ಳೇ ಅದು.

ಪೋಸ್ಟರಮ್ಮ ಮೊಟ್ಟೆಯ ಕಡೆ ತಲೆ ಬಗ್ಗಿಸಿದಳು.

"ನನ್ನ ಪ್ರೆಸ್ಸಿನ ಕೀಲಿ ತಿರುಗಿಸಿದ್ದು ನಮ್ಮ ಮನೆಯವರೇ," ಎಂದಳು. "ತಿರುಗಿಸೋ ಮುಂಚೆ ನನ್ನ ಬೆರಳಿನ ಉಂಗುರ ಬಿಚ್ಚಿ ಜೇಬಿಗೆ ಹಾಕ್ಕೊಂಡ್ರು. ಹಾಳಾಗದೆ ಇರಲಿ ಅಂತ. ಆಮೇಲೆ ಆರು ತಿಂಗಳು ನನ್ನ ಪಕ್ಕ ಮಲಗಲಿಲ್ಲ. ಹೊಸ ಮನೇಲಿ ಎರಡು ಕೋಣೆ ಇತ್ತಲ್ಲ, ಅನುಕೂಲ ಆಯ್ತು."

"ನಿಮ್ಮಿಬ್ಬರ ಒಪ್ಪಿಗೆ ಮೇಲೇ ಆದದ್ದಾ?"

"ನಾನೇ ಹಟ ಮಾಡಿದ್ದು. ಅವರು ಒಪ್ಪಿದ್ರು. ಒಪ್ಪಿದ್ದನ್ನ ನಾನು ಮರೆತೆ, ಅವರಿಗೆ ಮರೆಯೋಕಾಗಲಿಲ್ಲ." ಅವಳು ತಲೆ ಎತ್ತಿದಳು. "ಅಷ್ಟರಲ್ಲಿ ಅತ್ತಿಗೆ ಶುರು ಮಾಡಿದ್ರು."

"ಯಾವ ಅತ್ತಿಗೆ?"

"ಇವರಿಗಿರೋದು ಒಬ್ಬರೇ ಅಕ್ಕ ಅಲ್ವಾ? ನಿಮ್ಮನ್ನ ಕರೆದುಕೊಂಡು ಬಂದವರು."

ಸರ್ವೇಯರಮ್ಮನಿಗೆ ಕೂರಬೇಕೆನಿಸಿತು. ಆ ಕೋಣೆಯಲ್ಲಿ ಇನ್ನೊಂದು ಸ್ಟೂಲು ಇರಲಿಲ್ಲ.

"ದಿನಾ ಬರೋರು. ಹೆಂಡ್ತಿಗೆ ಮಾಡಿದ್ದು ಒಡಹುಟ್ಟಿದವಳಿಗೆ ಯಾಕೆ ಆಗಲ್ಲ, ನಾನೇನು ಹೊರಗಿನವಳಾ ಅಂತ ಜಗಳ. ಎತ್ತಿ ಆಡಿಸಿದ ಕೈ ಇದು, ಇದರ ಮೇಲೆ ನಿನಗೆ ಹಕ್ಕಿದೆ, ತಗೋ ಅಂತ ಅವರ ಮುಂದೆ ಕೈ ಚಾಚೋರು. ಗಂಡ ಬಿಟ್ಟುಹೋಗಿದ್ದಾನೆ, ಇಬ್ಬರು ಮಕ್ಕಳು, ಪ್ಯಾಕಿಂಗ್ ವಿಭಾಗದ ದಿನಗೂಲಿ. ಅವರ ಕಷ್ಟ ಅವರಿಗೆ. ಇವರು ಆಗಲ್ಲ ಅಂದ್ರೆ ಆಗಲ್ಲ."

"ಆ ದಿನ?"

"ಊಟದ ಗಂಟೆಗೆ ಇಬ್ಬರೂ ಚಾವಣಿ ಮೇಲೆ ಹೋದ್ರು. ನಾನು ಮೆಟ್ಟಿಲ ಬುಡದಲ್ಲಿ ಡಬ್ಬಿ ಬಿಚ್ಚಿ ಕೂತಿದ್ದೆ. ಇಳಿದು ಬಂದದ್ದು ಅತ್ತಿಗೆ ಒಬ್ಬರೇ."

"ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಅವರು ಜೈಲಿಗೆ ಹೋದ್ರೆ ಆ ಮಕ್ಕಳಿಬ್ಬರನ್ನ ಸಾಕೋರು ಯಾರು? ನನ್ನ ಕುತ್ತಿಗೆಗೇ ಬರೋದು." ಇದನ್ನು ಹೇಳುವಾಗ ಅವಳ ದನಿಯಲ್ಲಿ ನಾಚಿಕೆಯಿರಲಿಲ್ಲ.

"ಮತ್ತೆ ಈಗ ಹೇಳ್ತಿದ್ದೀರಿ."

"ಈಗ ಲೆಕ್ಕಾಚಾರ ಬೇರೆ ಆಗಿದೆ ಮೇಡಂ. ಮುಂದಿನ ತಿಂಗಳಿಂದ ಪೋಸ್ಟರಿನಲ್ಲಿ ನಾನಿರಲ್ಲ. ಸತ್ತ ತಮ್ಮನ ಜಾಗದಲ್ಲಿ ದುಡಿಯೋಕೆ ಬಂದು ಕೈ ಕಳಕೊಂಡ ಅಕ್ಕ ಇರ್ತಾಳೆ. ಜನ ಅಳ್ತಾರೆ ಅದನ್ನ ನೋಡಿ. ನನ್ನ ಕಥೆ ಹಳೇದಾಯ್ತು ಅಂತ ಮೇಷ್ಟ್ರೇ ಹೇಳಿದ್ರು." ಗೋಡೆಯ ಗಡಿಯಾರದ ಕಡೆ ಒಮ್ಮೆ ನೋಡಿದಳು. "ಹದಿನೇಳನೇ ಪ್ರೆಸ್. ಊಟದ ಗಂಟೆಗೆ, ಯಾರೂ ಇಲ್ಲದಾಗ. ಬೇಗ ಹೋದ್ರೆ ಸಿಗ್ತಾರೆ."

ಇಷ್ಟು ಹೊತ್ತೂ ಅವಳ ಕೈಯ ಮೊಟ್ಟೆ ಒಡೆದಿರಲಿಲ್ಲ.

*

ಸರ್ವೇಯರಮ್ಮ ಓಡಿದಳು. ಐವತ್ತೈದು ದಾಟಿದ ಮೇಲೆ ಓಡಿದ್ದು ಅದೇ ಮೊದಲು. ಪ್ರೆಸ್ ವಿಭಾಗದ ಬಾಗಿಲು ತಳ್ಳುವುದಕ್ಕೂ ಊಟದ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಯಂತ್ರಗಳು ಒಂದೊಂದಾಗಿ ನಿಂತವು. ಜನ ಅವಳನ್ನು ಸುತ್ತಿಕೊಂಡು ಹೊರಗೆ ಹರಿದರು. ಯಾರೂ ಹಿಂತಿರುಗಿ ನೋಡಲಿಲ್ಲ. ಹದಿನೇಳನೆಯ ಪ್ರೆಸ್ಸಿನ ಕಡೆ ನೋಡಬಾರದೆಂದು ಎಲ್ಲರಿಗೂ ಮೊದಲೇ ತಿಳಿದಂತಿತ್ತು.

ಅಕ್ಕ ಅಲ್ಲಿ ಕೂತಿದ್ದಳು. ಹೊಸ ಸಮವಸ್ತ್ರ, ಇನ್ನೂ ಇಸ್ತ್ರಿಯ ಗೆರೆ ಹೋಗಿಲ್ಲ. ಯಂತ್ರದ ಜಾಲರಿ ಬಾಗಿಲನ್ನು ಮೇಲಕ್ಕೆತ್ತಿ ತಂತಿಯಿಂದ ಬಿಗಿದಿತ್ತು. ಪಕ್ಕದ ಪೆಟ್ಟಿಗೆಯಲ್ಲಿ ಕೀಲಿ ತಿರುಗಿಸಿಟ್ಟಿತ್ತು. ಹೊಸ ಫಿಟ್ಟರ್ ತನ್ನ ಪಾಲಿನ ಕೆಲಸ ಮುಗಿಸಿ ಊಟಕ್ಕೆ ಹೋಗಿದ್ದ. ಅಕ್ಕನ ಬಲಗೈ ಯಂತ್ರದ ಬಾಯಿಯೊಳಗೆ, ತಟ್ಟೆ ಒತ್ತುವ ಉಕ್ಕಿನ ಅಚ್ಚಿನ ಮೇಲೆ ಅಂಗಾತವಾಗಿ ಮಲಗಿತ್ತು. ಬಲಗಾಲು ಪೆಡಲಿನ ಮೇಲಿತ್ತು.

"ಕೈ ತೆಗೀರಿ," ಎಂದಳು ಸರ್ವೇಯರಮ್ಮ. ಏದುಸಿರಿನಲ್ಲಿ ಮಾತು ಪೂರ್ತಿ ಹೊರಡಲಿಲ್ಲ.

"ಅಲ್ಲೇ ನಿಲ್ಲಿ ಮೇಡಂ. ಹತ್ರ ಬಂದ್ರೆ ಕಾಲು ಒತ್ತಿಬಿಡ್ತೀನಿ." ಅವಳ ದನಿ ಶಾಂತವಾಗಿತ್ತು. "ತಮ್ಮನ ಹೆಂಡ್ತಿ ಹೇಳಿರ್ತಾಳೆ, ನಾನು ಚಾವಣಿ ಮೇಲೆ ಹೋಗಿದ್ದೆ ಅಂತ."

"ಹೋಗಿದ್ರಾ?"

"ಹೋಗಿದ್ದೆ."

ಸರ್ವೇಯರಮ್ಮ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು.

"ಜಗಳ ಆಯ್ತು. ನಾನು ಅವನ ಅಂಗಿ ಹಿಡಿದು ಎಳೆದೆ. ಅವನು ಬಿಡಿಸಿಕೊಂಡು ಹಿಂದೆ ಸರಿದ, ಹಿಂದಿದ್ದ ಕಂಬಿ ತುಕ್ಕು ಹಿಡಿದಿತ್ತು. ಮುರೀತು. ಬೀಳಲಿಲ್ಲ ಮೇಡಂ ಅವನು. ನಾನು ಹಿಡ್ಕೊಂಡೆ. ಹೊಟ್ಟೆ ಮೇಲೆ ಮಲಗಿ, ಈ ಕೈಯಲ್ಲಿ ಅವನ ಮಣಿಕಟ್ಟು ಹಿಡ್ಕೊಂಡಿದ್ದೆ. ನಾನು ಪ್ಯಾಕಿಂಗ್‌ನಲ್ಲಿ ಮೂಟೆ ಎತ್ತೋಳು, ನನಗೆ ಶಕ್ತಿ ಇದೆ. ಅಕ್ಕಾ ಬಿಡಬೇಡ ಅಂದ. ಬಿಡಲ್ಲ ಕಣೋ ಅಂದೆ. ಇನ್ನೊಂದು ಕೈಯನ್ನೂ ಕೆಳಗೆ ಚಾಚ್ತಾ ಇದ್ದೆ."

"ಆಮೇಲೆ ಕೈ ಜಾರಿತು."

"ಜಾರಲಿಲ್ಲ. ಬಿಡಿಸಿದ್ರು."

"ಯಾರು?" ಎಂದಳು ಸರ್ವೇಯರಮ್ಮ.

"ಯಾರೋ ಹಿಂದಿನಿಂದ ಬಂದು ನನ್ನ ಬೆನ್ನ ಮೇಲೆ ಮಂಡಿ ಊರಿದ್ರು. ತಿರುಗೋಕೆ ಆಗಲಿಲ್ಲ. ತಿರುಗಿದ್ರೆ ತಮ್ಮನನ್ನ ಬಿಡಬೇಕಾಗಿತ್ತು. ಒಂದು ಕೈ ನನ್ನ ಭುಜದ ಮೇಲಿಂದ ಬಂದು ನನ್ನ ಬೆರಳನ್ನ ಒಂದೊಂದಾಗಿ ಬಿಡಿಸ್ತು. ಕಿರುಬೆರಳು ಮೊದಲು. ಅಷ್ಟು ಬಿಸಿಲಲ್ಲೂ ಆ ಬೆರಳಲ್ಲಿ ಬೆವರಿರಲಿಲ್ಲ ಮೇಡಂ, ಮೈಬಿಸಿ ಇರಲಿಲ್ಲ. ಒಂದೊಂದು ಬೆರಳು ಬಿಡಿಸುವಾಗಲೂ ಅದರೊಳಗೆ ಗುಂಯ್ ಅಂತ ಸಣ್ಣ ಸದ್ದು."

"ಮರುಗೈ," ಎಂದಳು ಸರ್ವೇಯರಮ್ಮ.

"ಎಂಟು ಜನರಲ್ಲಿ ಒಬ್ಬರು. ಯಾರು ಅಂತ ಗೊತ್ತಿಲ್ಲ. ನಾನು ತಿರುಗೋ ಹೊತ್ತಿಗೆ ಮೇಲೆ ಯಾರೂ ಇರಲಿಲ್ಲ." ಮೆಟ್ಟಿಲ ಬುಡದಲ್ಲಿ ಕೂತಿದ್ದ ಪೋಸ್ಟರಮ್ಮ ಬೇರೆ ಯಾರೂ ಇಳಿದದ್ದನ್ನು ಹೇಳಿರಲಿಲ್ಲ ಎಂದು ಸರ್ವೇಯರಮ್ಮನಿಗೆ ನೆನಪಾಯಿತು.

"ಇದನ್ನ ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನನ್ನನ್ನೇ ಹಿಡೀತಿದ್ರಿ. ಹೊರಗಿನಿಂದ ನೀವು ಕೆದಕಿದ್ರೆ ಯಾರಾದ್ರೂ ಬೆದರಿ ಬಾಯಿಬಿಡ್ತಾರೆ ಅನ್ಕೊಂಡೆ. ಯಾರೂ ಬಿಡಲಿಲ್ಲ." ಅವಳು ಅಚ್ಚಿನ ಮೇಲಿದ್ದ ತನ್ನ ಅಂಗೈಯನ್ನು ನೋಡಿದಳು. "ಆ ಎಂಟು ಜನಕ್ಕೆ ಮೇಲೆ ಒಂದು ಕೋಣೆ ಇದೆ. ದಿನಾ ಅಲ್ಲಿ ಕೂತು ಕೈ ಅಭ್ಯಾಸ ಮಾಡ್ತಾರೆ. ಬೇರೆಯವರನ್ನ ಬಿಡಲ್ಲ. ಒಂದೊಂದು ಮರುಗೈಗೂ ಒಂದೊಂದು ಸದ್ದಂತೆ, ತಮ್ಮ ಹೇಳ್ತಿದ್ದ. ಒಂದು ಸಲ ಕೇಳಿದ್ರೆ ನನಗೆ ಗೊತ್ತಾಗುತ್ತೆ. ಆ ಕೋಣೆ ಒಳಗೆ ಹೋಗೋಕೆ ನನಗಿರೋದು ಇದೊಂದೇ ದಾರಿ."

"ಹುಚ್ಚು ಮಾತು. ನಾನು ಹೋಗ್ತೀನಿ ಆ ಕೋಣೆಗೆ. ಇವತ್ತೇ."

"ನಿಮಗೆ ಆ ಸದ್ದು ಗೊತ್ತಿಲ್ಲ."

"ನಿಮ್ಮನ್ನ ಕರಕೊಂಡೇ ಹೋಗ್ತೀನಿ. ಬಾಗಿಲು ಒಡೆಸ್ತೀನಿ, ಪೊಲೀಸರನ್ನ ಕರೆಸ್ತೀನಿ. ಮೊದಲು ಕಾಲು ತೆಗೀರಿ. ಮಕ್ಕಳ ಮುಖ ನೆನಪು ಮಾಡ್ಕೊಳ್ಳಿ."

ಅಕ್ಕನ ಕಣ್ಣಲ್ಲಿ ಮೊದಲ ಬಾರಿಗೆ ನೀರು ಬಂತು. ಪೆಡಲಿನ ಮೇಲಿದ್ದ ಪಾದದ ಹಿಮ್ಮಡಿ ಸ್ವಲ್ಪ ಮೇಲೆದ್ದಿತು. ಸರ್ವೇಯರಮ್ಮ ಒಂದು ಹೆಜ್ಜೆ ಮುಂದಿಟ್ಟಳು. ಇನ್ನೊಂದು ಇಟ್ಟಳು. ಅಕ್ಕ ತಡೆಯಲಿಲ್ಲ. ಅಚ್ಚಿನ ಮೇಲಿದ್ದ ಬೆರಳುಗಳು ಮಡಿಸಿಕೊಳ್ಳತೊಡಗಿದ್ದವು.

ಆಗ ಆ ಖಾಲಿ ಹಜಾರದಲ್ಲಿ, ಅರ್ಧ ತೆರೆದಿದ್ದ ಬಾಗಿಲಿನ ಆಚೆಯಿಂದ ಸಣ್ಣದೊಂದು ಸದ್ದು ಬಂತು.

ಗುಂಯ್.

ಅಕ್ಕ ಬಾಗಿಲ ಕಡೆ ತಲೆ ತಿರುಗಿಸಿದಳು.

"ಇದೇ," ಎಂದಳು.

ಸರ್ವೇಯರಮ್ಮ ಬಾಗಿಲ ಕಡೆ ತಿರುಗಿದ್ದು ಒಂದೇ ಒಂದು ಗಳಿಗೆ. ಬೆನ್ನ ಹಿಂದೆ ಅಕ್ಕನ ಕಾಲು ಪೆಡಲಿಗೆ ಬಿದ್ದ ಸದ್ದಾಗಿ, ಹದಿನೇಳನೆಯ ಪ್ರೆಸ್ ಕೆಳಗಿಳಿಯಿತು.